ರಿಜಿಸ್ಟರಿನಲ್ಲಿ ಮೂವರು, ರಸ್ತೆಯಲ್ಲಿ ಏಳು ಜನ

ನಮ್ಮ ಮನೆಯಲ್ಲಿ ಅಪ್ಪಯ್ಯನ ಮುಂದೆ ಯಾರೂ ಆ ಕಾರಿನ ಮಾತು ಎತ್ತುತ್ತಿರಲಿಲ್ಲ. ಅಣ್ಣನ ಸ್ವಿಫ್ಟ್ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು. ಆದರೆ 1999ರವರೆಗೆ ಬಾಳಗಡಿಯ ನಮ್ಮ ಮನೆ ಅಂಗಳದಲ್ಲಿ, ಸೋಗೆ ಚಪ್ಪರದ ಕೆಳಗೆ ನಿಲ್ಲುತ್ತಿದ್ದ ಬಿಳಿ ಅಂಬಾಸಿಡರ್ ವಿಷಯ ಬಂದರೆ ಅವರು ಎಲೆಅಡಿಕೆ ತಟ್ಟೆ ಹುಡುಕುವ ನೆಪದಲ್ಲಿ ಎದ್ದು ಹೋಗುತ್ತಿದ್ದರು.

ಎರಡು ವರ್ಷದ ಹಿಂದೆ ಧರ್ಮಸ್ಥಳಕ್ಕೆ ಹೋದಾಗ ಮಂಜೂಷಾ ಕಾರ್ ಮ್ಯೂಸಿಯಂ ನೋಡೋಣ ಅಂತ ನಾನೇ ಎಳೆದುಕೊಂಡು ಹೋಗಿದ್ದೆ. ಹಳೇ ಕಾರುಗಳು ಸಾಲಾಗಿ ಹೊಳೆಯುತ್ತಾ ನಿಂತಿದ್ದವು. ಅಪ್ಪಯ್ಯ ಐದೇ ನಿಮಿಷದಲ್ಲಿ ಹೊರಗೆ ಬಂದು ಚಪ್ಪಲಿ ಹಾಕಿಕೊಂಡರು. ‘ಪಾಪ, ಇನ್ನೂ ದುಃಖ ಇದೆ’ ಅಂದುಕೊಂಡೆ. ಬೆಂಗಳೂರಿನ ಆಫೀಸಿನಲ್ಲಿ ಕೂತು ಯೋಚಿಸುವ ಮಗಳಿಗೆ ಅಷ್ಟೇ ಹೊಳೆಯುವುದು. ಕಾರು ಹುಡುಕಿ, ಸಾಧ್ಯವಾದರೆ ಕೊಂಡು, ರಿಪೇರಿ ಮಾಡಿಸಿ, ಅವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಅಂಗಳದಲ್ಲಿ ನಿಲ್ಲಿಸಬೇಕು ಅಂತ ಪ್ಲಾನ್ ಮಾಡಿದೆ. ಇನ್‌ಸ್ಟಾಗ್ರಾಂನಲ್ಲಿ ಅಂಥ ರೀಲ್‌ಗಳನ್ನು ನೀವೂ ನೋಡಿರುತ್ತೀರಿ, ಅಪ್ಪ ಅಳುತ್ತಾರೆ, ಹಿಂದೆ ಪಿಟೀಲು.

ಅದು 1970ರ ಅಂಬಾಸಿಡರ್ ಮಾರ್ಕ್ 2. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆ ತಯಾರಿಸಿದ್ದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು, 1489 ಸಿಸಿ ಪೆಟ್ರೋಲ್ ಎಂಜಿನ್, ಸ್ಟೇರಿಂಗಿನ ಪಕ್ಕದಲ್ಲೇ ಗೇರು. ಹಿಂದೆ ಲಾರಿಗಿದ್ದಂತೆ ಸ್ಪ್ರಿಂಗ್ ಪ್ಲೇಟುಗಳು. ನಮ್ಮ ಮಲೆನಾಡಿನ ರಸ್ತೆಗೆ ಆ ಪ್ಲೇಟುಗಳೇ ದೇವರು. ಹೊಸ ಕಾರು ಬುಕ್ ಮಾಡಿದರೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು, ಹಾಗಾಗಿ ಅಪ್ಪಯ್ಯ 1984ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ನಂಬರ್ ಪ್ಲೇಟಿನಲ್ಲಿ ಇನ್ನೂ ಮೈಸೂರು ರಾಜ್ಯದ ‘ಎಂವೈ’ ಇತ್ತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರಲ್ಲಿ, ಕಾರಿಗೆ ಅದು ಗೊತ್ತಾಗಲೇ ಇಲ್ಲ.

ಹೆಸರಿಗೆ ಅದು ನಮ್ಮ ಕಾರು. ನಡೆಯುತ್ತಿದ್ದದ್ದು ಬೇರೆ. ಕೊಪ್ಪ ನಮಗೆ ಮಗ್ಗುಲಲ್ಲೇ ಇದ್ದರೂ ಮಳೆಗಾಲದ ರಾತ್ರಿ ಒಳಗಿನ ಮನೆಗಳಿಂದ ಒಬ್ಬ ಬಸುರಿಯನ್ನು ರಸ್ತೆಗೆ ತರುವುದೇ ದೊಡ್ಡ ಸಾಹಸ. ಸಂಕದ ಆಚೆಯಿಂದ ಕಂಬಳಿಯಲ್ಲಿ ಹೊತ್ತು ತಂದು ನಮ್ಮ ಜಗಲಿಯಲ್ಲಿ ಮಲಗಿಸಿ ‘ಗೌಡ್ರೇ, ಗಾಡಿ’ ಅನ್ನುತ್ತಿದ್ದರು. ಅಪ್ಪಯ್ಯ ಅಂಗಿ ಹಾಕಿಕೊಳ್ಳುತ್ತಲೇ ಓಡುತ್ತಿದ್ದರಂತೆ. ಕೊಪ್ಪದಲ್ಲಿ ಆಗದಿದ್ದರೆ ಶಿವಮೊಗ್ಗ, ಅಲ್ಲೂ ಆಗದಿದ್ದರೆ ಆಗುಂಬೆ ಘಾಟಿಯ 14 ತಿರುವು ಇಳಿದು ಮಣಿಪಾಲ. 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚೆ ಪ್ರತೀ ಊರಿಗೂ ಇಂಥ ಒಂದು ಕಾರೋ ಜೀಪೋ ಇತ್ತು. ಪೆಟ್ರೋಲಿಗೆ ದುಡ್ಡು ಕೊಡುವವರು ಕೊಡುತ್ತಿದ್ದರು, ಇಲ್ಲದವರು ಒಂದು ಗೊನೆ ಬಾಳೆಕಾಯಿ ತಂದಿಡುತ್ತಿದ್ದರು.

ಹೋದ ಮಾರ್ಚಿನಲ್ಲಿ, ಅಡಿಕೆ ಕೆಲಸ ಮುಗಿದ ಮೇಲೆ ಒಂದು ವಾರ ರಜೆ ಹಾಕಿ ಊರಿಗೆ ಬಂದೆ. ಅಟ್ಟದ ಟ್ರಂಕಿನಲ್ಲಿ ಆರ್‌ಸಿ ಬುಕ್ ಇರಲಿಲ್ಲ. ಹಳೇ ಇನ್ಶೂರೆನ್ಸ್ ಪೇಪರ್ ಒಂದು ಸಿಕ್ಕಿತು, ಅದರಲ್ಲಿ ಗಾಡಿ ನಂಬರು, ಎಂಜಿನ್ ನಂಬರು, ಚಾಸಿ ನಂಬರು ಮೂರೂ ಇದ್ದವು. ಫೋನಿನಲ್ಲಿ ಎಂಪರಿವಾಹನ್ ತೆಗೆದು ನಂಬರ್ ಹಾಕಿದೆ. ಮಾಹಿತಿ ಇಲ್ಲ ಅಂತ ಬಂತು. ಹಳೇ ಸೀರೀಸಿನ ಎಷ್ಟೋ ಗಾಡಿಗಳು ಕಂಪ್ಯೂಟರಿಗೆ ಏರಿಲ್ಲ, ಆರ್‌ಟಿಒದಲ್ಲಿ ಕೈಬರಹದ ರಿಜಿಸ್ಟರಿನಲ್ಲೇ ಉಳಿದಿವೆ. ಅದರ ನಕಲಿಗೆ ‘ಬಿ ಎಕ್ಸ್‌ಟ್ರಾಕ್ಟ್’ ಅನ್ನುತ್ತಾರೆ. ಗಾಡಿ ಮೊದಲು ಯಾರ ಹೆಸರಲ್ಲಿತ್ತು, ಯಾವಾಗ ಯಾರಿಗೆ ಟ್ರಾನ್ಸ್‌ಫರ್ ಆಯಿತು, ಸಾಲ ಇತ್ತಾ, ಎಲ್ಲ ಅದರಲ್ಲಿ ಇರುತ್ತದೆ. ಹಳೇ ಕಾರಿನ ಜಾತಕ ಅನ್ನಿ.

ಸರ್‌ಪ್ರೈಸ್ ಕೆಟ್ಟರೂ ಪರವಾಗಿಲ್ಲ ಅಂತ ಅರ್ಜಿ ಬರೆದು ಅಪ್ಪಯ್ಯನ ಮುಂದೆ ಸಹಿಗೆ ಇಟ್ಟೆ. ಅವರು ಓದಿದರು. ಕನ್ನಡಕ ತೆಗೆದರು.

‘ಇದೆಲ್ಲ ಎಂತಕ್ಕೆ ಕೆದಕ್ತೀಯ ಪುಟ್ಟಿ? ಆಗಿದ್ದು ಆಗಿ ಹೋಯ್ತು. ಸುಮ್ನಿದ್ರೆ ಯಾರಿಗೂ ಗೊತ್ತಾಗಲ್ಲ.’

‘ಏನು ಗೊತ್ತಾಗಲ್ಲ?’

ಅಮ್ಮ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಆಗ ಅಪ್ಪಯ್ಯ ಹೇಳಿದ್ದು ಇಷ್ಟು. ತೊಂಬತ್ತರ ದಶಕದಲ್ಲಿ ನಮ್ಮ ತೋಟಕ್ಕೆ ಹಳದಿ ಎಲೆ ರೋಗ ಬಂತು. ಕೊಪ್ಪ, ಶೃಂಗೇರಿ, ಎನ್.ಆರ್.ಪುರದವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆಯವರಿಗೆ ಹೇಳುವುದಾದರೆ, ಸೋಗೆ ತುದಿಯಿಂದ ಹಳದಿಯಾಗುತ್ತದೆ, ಮರ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ, ಕಾಯಿ ಉದುರುತ್ತದೆ, ಔಷಧಿ ಇಲ್ಲ. ಊರ ಹೊರಗಿನವರು ಅಡಿಕೆಗೆ ರೇಟು ಬಂತಂತೆ, ನಿಮ್ಮದು ಬಿಡಿ ಅನ್ನುತ್ತಿದ್ದ ದಿನಗಳಲ್ಲೇ ನಮ್ಮ ಮನೆಗೆ ಬರುವ ಮೂಟೆ ಅರ್ಧಕ್ಕಿಳಿದಿತ್ತು. ಸಾಲದ ಕಂತು ಮಾತ್ರ ಹಾಗೇ ಇತ್ತು. 1999ರ ಮಳೆಗಾಲಕ್ಕೆ ಮುಂಚೆ ಅಪ್ಪಯ್ಯ ರಿಜಿಸ್ಟ್ರೇಷನ್ ಐದು ವರ್ಷಕ್ಕೆ ರಿನ್ಯೂ ಮಾಡಿಸಿ, ಒಬ್ಬ ಬ್ರೋಕರಿಗೆ ಕಾರು ಕೊಟ್ಟರು. ಗಿರಾಕಿ ಇನ್ನೂ ಗೊತ್ತಾಗಿರಲಿಲ್ಲ. ‘ಫಾರಂಗೆ ಸೈನ್ ಹಾಕಿ ಕೊಡಿ, ಉಳಿದದ್ದು ನಾನು ತುಂಬ್ತೀನಿ’ ಅಂದನಂತೆ. 29, 30ನೇ ನಂಬರಿನ ಫಾರಂಗಳು, ಎರಡೂ ಖಾಲಿ. ಸೈನ್ ಹಾಕಿ, ಆರ್‌ಸಿ ಬುಕ್ ಕೊಟ್ಟು, ದುಡ್ಡು ಎಣಿಸಿಕೊಂಡು ನೇರ ಸಾಲ ಕಟ್ಟಿ ಬಂದರು.

‘ಎರಡು ವರ್ಷ ಬಿಟ್ಟು ಪೇಟೇಲಿ ಒಬ್ರು ವಕೀಲ್ರು ಸಿಕ್ಕಿ ಹೇಳಿದ್ರು, ಟ್ರಾನ್ಸ್‌ಫರ್ ಆಗದೇ ಇದ್ರೆ ಗಾಡಿ ಯಾರಿಗಾದ್ರೂ ಬಡಿದ್ರೆ ಕೇಸು ನಿಮ್ಮ ಮೇಲೇ ಅಂತ. ಆ ಬ್ರೋಕರ್ ಅಷ್ಟೊತ್ತಿಗೆ ತೀರ್ಕೊಂಡಿದ್ದ. ಗಾಡಿ ಎಲ್ಲಿದೆ ಅಂತ್ಲೇ ಗೊತ್ತಿಲ್ಲ. ಯಾರ ಹತ್ರ ಕೇಳೋದು?’

ಇಪ್ಪತ್ತೈದು ವರ್ಷ ನಾನು ದುಃಖ ಅಂದುಕೊಂಡಿದ್ದು ಹೆದರಿಕೆ. ಪೇಪರಿನಲ್ಲಿ ‘ಅಂಬಾಸಿಡರ್ ಕಾರು ಪಲ್ಟಿ’ ಅಂತ ಬಂದರೆ ಅವರು ಮೊದಲು ನಂಬರ್ ಹುಡುಕುತ್ತಿದ್ದರಂತೆ. ಅಂಚೆಯಣ್ಣ ಉದ್ದ ಕವರ್ ತಂದರೆ ಕೈ ನಡುಗುತ್ತಿತ್ತಂತೆ. ಅಮ್ಮನಿಗೆ ಎಲ್ಲ ಗೊತ್ತಿತ್ತು.

ರಾತ್ರಿ ಕೂತು ಓದಿದೆ. ಅವರ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಅಲ್ಲಿಯೂ ಕಾರು ಒಬ್ಬರಿಂದ ಒಬ್ಬರಿಗೆ ಕೈ ಬದಲಾಗಿತ್ತು, ರಿಜಿಸ್ಟರಿನಲ್ಲಿ ಮಾತ್ರ ಮೊದಲಿನವರ ಹೆಸರೇ ಇತ್ತು, ಅಪಘಾತದ ಪರಿಹಾರದ ಹೊಣೆ ಆ ಹೆಸರಿನವರ ಮೇಲೆ ಬಂತು. (ನೀವು ಓಎಲ್‌ಎಕ್ಸ್‌ನಲ್ಲಿ ಬೈಕ್ ಮಾರಿ ಹೆಲ್ಮೆಟ್ ಕೂಡ ಫ್ರೀ ಕೊಟ್ಟು ಮರೆತಿದ್ದರೆ, ಈ ಲೇಖನ ಇಲ್ಲೇ ಬಿಟ್ಟು ಒಮ್ಮೆ ಆ ನಂಬರ್ ಹಾಕಿ ನೋಡಿ. ಕಾಯುತ್ತೇನೆ.)

ಹುಟ್ಟುಹಬ್ಬದ ಪ್ಲಾನ್ ಅಲ್ಲಿಗೆ ಬಿತ್ತು. ಈಗ ಹುಡುಕಬೇಕಾದದ್ದು ಆ ಕಾರು ಈ ಇಪ್ಪತ್ತೈದು ವರ್ಷದಲ್ಲಿ ಏನು ಮಾಡಿದೆ ಅನ್ನೋದನ್ನ.

ಬೆಳಿಗ್ಗೆ ಅಪ್ಪಯ್ಯ ತಾವೇ ಅಂಗಿ ಹಾಕಿಕೊಂಡು ನಿಂತಿದ್ದರು. ಬಾಳೆಹೊನ್ನೂರು, ಆಲ್ದೂರು ಮೇಲೆ ಚಿಕ್ಕಮಗಳೂರಿಗೆ ಹೋದೆವು. ಕಾಫಿ ಹೂ ಬಿಡುವ ಹೊತ್ತು, ಆಲ್ದೂರು ಸುತ್ತ ಮೊದಲ ಮಳೆ ಬಿದ್ದ ತೋಟಗಳೆಲ್ಲ ಬೆಳ್ಳಗೆ. ಕಿಟಕಿ ಇಳಿಸಿದರೆ ಮಲ್ಲಿಗೆಯಂಥದೇ ವಾಸನೆ. ಅಪ್ಪಯ್ಯ ಅದ್ಯಾವುದನ್ನೂ ನೋಡಲಿಲ್ಲ. ಆರ್‌ಟಿಒದಲ್ಲಿ ಅರ್ಜಿ, ಶುಲ್ಕ, ಆಮೇಲೆ ಕಾಯುವಿಕೆ. ಹಳೇ ರಿಜಿಸ್ಟರ್ ಹುಡುಕಬೇಕು, ಎರಡು ದಿನ ಬಿಟ್ಟು ಬನ್ನಿ ಅಂದರು, ಎರಡು ದಿನ ಬಿಟ್ಟು ಹೋದರೆ ನಿಜವಾಗಿಯೂ ಹುಡುಕಿಟ್ಟಿದ್ದರು.

ಮೂರು ಹೆಸರುಗಳು. 1970ರಲ್ಲಿ ಬಾಳೆಹೊನ್ನೂರು ಕಡೆಯ ಒಂದು ಕಾಫಿ ಎಸ್ಟೇಟ್. 1978ರಲ್ಲಿ ಕೊಪ್ಪದ ಒಬ್ಬ ಡಾಕ್ಟರು. 1984ರಲ್ಲಿ ಅಪ್ಪಯ್ಯ. ಅದರ ಕೆಳಗೆ 1999ರ ರಿನ್ಯೂವಲ್, 2004ರವರೆಗೆ. ಆಮೇಲೆ ಪುಟ ಖಾಲಿ. ಅವರು ಸೈನ್ ಹಾಕಿದ ಆ ಫಾರಂಗಳು ಆಫೀಸಿನ ಮೆಟ್ಟಿಲು ಹತ್ತಿರಲೇ ಇಲ್ಲ.

ಅಪ್ಪಯ್ಯ ಆ ಖಾಲಿ ಜಾಗವನ್ನೇ ನೋಡುತ್ತಾ ಕೂತರು.

ರಿಜಿಸ್ಟರ್ ನಿಂತಲ್ಲಿಂದ ಮುಂದೆ ಬಾಯಿಮಾತೇ ದಾರಿ. ಅದಕ್ಕೆ ಮೊದಲು ಸಿಗಬೇಕಾದವರು ಮೆಕ್ಯಾನಿಕ್. ಕಾರು ಕೊಂಡವರು ಬದಲಾಗುತ್ತಾರೆ, ಅದನ್ನು ರಿಪೇರಿ ಮಾಡುವವರು ಅಷ್ಟು ಬೇಗ ಬದಲಾಗುವುದಿಲ್ಲ. ಕೊಪ್ಪದಲ್ಲಿ ನಮ್ಮ ಕಾರು ನೋಡುತ್ತಿದ್ದ ಮೇಸ್ತ್ರಿಗೆ ಈಗ ಎಂಬತ್ತರ ಹತ್ತಿರ, ಗ್ಯಾರೇಜನ್ನು ಮಗ ನಡೆಸುತ್ತಾನೆ. ನಂಬರ್ ಹೇಳಿದ್ದೇ ತಡ, ‘ಎಡಗಡೆ ಹಿಂದಿನ ಬಾಗಿಲು ಎರಡು ಸಲ ಹಾಕಿದ್ರೇ ಕೂರೋದು, ಅದೇ ಅಲ್ವ?’ ಅಂದರು. ಶೃಂಗೇರಿಯ ಒಬ್ಬರು ಬ್ರೋಕರ್ ಹತ್ತಿರ ತಗೊಂಡು, ಅದೇ ಗ್ಯಾರೇಜಿನಲ್ಲಿ ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಎಂಜಿನ್ ಕೂರಿಸಿದ್ದರು. ಆ ಕಾಲದಲ್ಲಿ ಅದು ಮಾಮೂಲಿ, ಪೆಟ್ರೋಲ್ ಖರ್ಚು ತಡೆಯಲಾಗದೆ ಎಷ್ಟೋ ಅಂಬಾಸಿಡರ್‌ಗಳಿಗೆ ಹೃದಯವೇ ಬದಲಾಗಿತ್ತು. ‘ಹುಡುಕುವಾಗ ಎಂಜಿನ್ ನಂಬರ್ ನೋಡ್ಬೇಡಿ, ಚಾಸಿ ನಂಬರ್ ನೋಡಿ’ ಅಂತ ಮೇಸ್ತ್ರಿ ಎಚ್ಚರಿಸಿದರು. ತಮಾಷೆ ಅಂದರೆ ಅಂಬಾಸಿಡರ್‌ಗೆ ಲಾರಿಯಂತೆ ಬೇರೆ ಚಾಸಿಯೇ ಇಲ್ಲ, ಬಾಡಿಯೇ ಎಲ್ಲ. ನಂಬರಿಗೆ ಮಾತ್ರ ಆ ಹೆಸರು.

ಹೊರಡುವಾಗ ಅಪ್ಪಯ್ಯ ತಗ್ಗಿದ ದನಿಯಲ್ಲಿ ಕೇಳಿದರು, ‘ಎಲ್ಲಾದ್ರೂ ಯಾರಿಗಾದ್ರೂ ತಾಗಿತ್ತಾ, ಮೇಸ್ತ್ರಿ?’

‘ನನ್ನ ಹತ್ರ ಟಿಂಕರಿಂಗಿಗೆ ಬಂದಿಲ್ಲ ಗೌಡ್ರೇ.’

ಮುಂದಿನ ಮೂರು ದಿನ ಈ ಪ್ರಶ್ನೆಯನ್ನು ಅವರು ಎಲ್ಲರಿಗೂ ಕೇಳಿದರು.

ಹರಿಹರಪುರದ ಮೇಲೆ, ತುಂಗೆಯ ಪಕ್ಕ ಪಕ್ಕದಲ್ಲೇ ಶೃಂಗೇರಿಗೆ ಹೋದೆವು. ಅಲ್ಲಿಯ ಐದನೇ ಯಜಮಾನರು (ಬ್ರೋಕರನ್ನೂ ಲೆಕ್ಕಕ್ಕೆ ಹಿಡಿದರೆ) ಈಗ ಮಗನ ಅಂಗಡಿಯಲ್ಲಿ ಕೂರುತ್ತಾರೆ. ಮಠಕ್ಕೆ ಬಂದ ಯಾತ್ರಿಕರನ್ನು ಹೊರನಾಡು, ಆಗುಂಬೆ ಅಂತ ಸುತ್ತಿಸುತ್ತಿದ್ದರಂತೆ, ವೈಟ್ ಬೋರ್ಡಿನಲ್ಲೇ. ಟ್ರಾನ್ಸ್‌ಫರ್ ಯಾಕೆ ಮಾಡಿಸಲಿಲ್ಲ ಅಂತ ನಾನು ಕೇಳಿದ್ದಕ್ಕೆ ನಕ್ಕರು. ‘ಮಾಡಿಸ್ಬೇಕು ಮಾಡಿಸ್ಬೇಕು ಅಂತಿದ್ದೆ ಕಣಮ್ಮ, ಡೀಸೆಲ್ ಎಂಜಿನ್ದೂ ಎಂಟ್ರಿ ಮಾಡಿಸ್ಬೇಕಿತ್ತಲ್ಲ, ಹಂಗಾಗಿ ಮುಂದೆ ಹಾಕ್ದೆ. ಆದ್ರೆ ಒಂದು ಮಾತು, ಆ ಗಾಡಿ ನಂಗೆ ಮನೆ ಕಟ್ಟಿಸ್ತು.’ ಅಪ್ಪಯ್ಯ ತಮ್ಮ ಪ್ರಶ್ನೆ ಕೇಳಿದರು. ಅವರು ಸ್ವಲ್ಪ ಯೋಚಿಸಿದರು. ನನ್ನ ಎದೆ ಹೊಡೆದುಕೊಂಡಿತು. ‘ಕಿಗ್ಗದ ರಸ್ತೇಲಿ ಒಂದು ಕರು ಅಡ್ಡ ಬಂದಿತ್ತು. ಕಾಲಿಗೆ ಪೆಟ್ಟಾಯ್ತು. ದುಡ್ಡು ಕೊಟ್ಟೆ.’ ಕರು ಬದುಕಿತಾ ಅಂತ ಅಪ್ಪಯ್ಯ ಕೇಳಿದರು. ಬದುಕಿತಂತೆ.

ಕಾರು 2004ರಲ್ಲಿ, ರಿಜಿಸ್ಟ್ರೇಷನ್ ಮುಗಿದ ವರ್ಷ, ಎನ್.ಆರ್.ಪುರದ ಒಬ್ಬ ರಬ್ಬರ್ ಬೆಳೆಗಾರರಿಗೆ ಹೋಗಿತ್ತು. ಹಿಂದೆ ಎಡೇಹಳ್ಳಿ ಅಂತಿದ್ದ ಊರು, 1915ರಲ್ಲಿ ಯುವರಾಜರ ಹೆಸರು ಬಂದು ನರಸಿಂಹರಾಜಪುರ ಆಯಿತು. ಈಗ ಭದ್ರಾ ಹಿನ್ನೀರು ಊರಿನ ಅಂಚಿಗೇ ಬಂದು ನಿಲ್ಲುತ್ತದೆ. ಕೇರಳದಿಂದ ಬಂದು ನೆಲೆಸಿದವರು ಇಲ್ಲಿ ಬಹಳ, ರಬ್ಬರ್ ತೋಟಗಳು ಅವರಿಂದಲೇ ಹೆಚ್ಚಿದವು. ಈ ಮನೆಯ ಹಿರಿಯರು ಹಿಂದಿನ ಸೀಟು ತೆಗೆದು ರಬ್ಬರ್ ಶೀಟ್ ತುಂಬುತ್ತಿದ್ದರಂತೆ. ‘ಆ ವಾಸನೆಗೆ ಪೊಲೀಸ್‌ನೋರು ಕೈ ಹಾಕ್ತಿರಲಿಲ್ಲ, ಹೋಗು ಹೋಗು ಅಂತಿದ್ರು’ ಅಂತ ಅವರ ಸೊಸೆ ನಕ್ಕರು. ಯಾರಿಗೂ ತಾಗಿರಲಿಲ್ಲ. 2009ರ ಹೊತ್ತಿಗೆ ತಮ್ಮ ಡ್ರೈವರಿಗೇ ಕಡಿಮೆ ದುಡ್ಡಿಗೆ ಕೊಟ್ಟುಬಿಟ್ಟಿದ್ದರು. ಅವರ ಮನೆ ಮುತ್ತಿನಕೊಪ್ಪದ ಹತ್ತಿರ.

ಅಷ್ಟೊತ್ತಿಗೆ ಅಪ್ಪಯ್ಯ ಕಾರಿನಲ್ಲಿ ಮಾತಾಡಲು ಶುರು ಮಾಡಿದ್ದರು. ಯಾವ ರಾತ್ರಿ ಯಾರನ್ನು ಕರೆದುಕೊಂಡು ಹೋದದ್ದು, ಯಾವ ತಿರುವಿನಲ್ಲಿ ಬ್ರೇಕ್ ಹಿಡಿಯದೆ ಗೇರಿನಲ್ಲೇ ಇಳಿಸಿದ್ದು. ನನಗೆ ಇವೆಲ್ಲ ಹೊಸದು.

ಮನೆ ರಸ್ತೆಯಿಂದ ಸ್ವಲ್ಪ ಒಳಗೆ. ಬಚ್ಚಲ ಹಿಂದೆ, ಸೀಮೆ ಹೆಂಚಿನ ಇಳಿಮಾಡಿನ ಕೆಳಗೆ ಅದು ಇತ್ತು. ಚಕ್ರ ಇಲ್ಲ, ಕಲ್ಲಿನ ಮೇಲೆ ಕೂರಿಸಿದ್ದಾರೆ. ಮುಂದಿನ ಗ್ಲಾಸ್ ಜಾಗದಲ್ಲಿ ಜಾಲರಿ, ಒಳಗೆ ಕೋಳಿಗಳು. ಬಿಳಿ ಬಣ್ಣದ ಮೇಲೆ ಯಾರೋ ನೀಲಿ ಹೊಡೆಸಿದ್ದರು, ಈಗ ಎರಡೂ ಅಲ್ಲ. ಮೂತಿ ಮಾತ್ರ ಅದೇ. 2014ರವರೆಗೆ ಉತ್ತರಪಾರಾದಲ್ಲಿ ಅಂಬಾಸಿಡರ್ ಬರುತ್ತಲೇ ಇತ್ತು, 2017ರಲ್ಲಿ ಆ ಹೆಸರನ್ನು ಫ್ರಾನ್ಸಿನ ಪಿಜೋ ಕಂಪನಿ 80 ಕೋಟಿಗೆ ಕೊಂಡಿತು. ಹೆಸರಿಗೇ 80 ಕೋಟಿ. ಇಲ್ಲಿ ಅದರೊಳಗಿಂದ ಒಂದು ಕೋಳಿ ನಮ್ಮನ್ನು ನೋಡುತ್ತಿತ್ತು.

ಮೊಬೈಲ್ ಟಾರ್ಚ್ ಹಾಕಿ ಬಾನೆಟ್ ಒಳಗಿನ ಪ್ಲೇಟನ್ನು ಬಟ್ಟೆಯಿಂದ ಉಜ್ಜಿದೆ. ಒಂದೊಂದೇ ಅಂಕೆ ಓದಿದೆ, ಅಪ್ಪಯ್ಯ ಇನ್ಶೂರೆನ್ಸ್ ಪೇಪರಿನಲ್ಲಿ ಬೆರಳಿಟ್ಟುಕೊಂಡು ಬಂದರು. ಕೊನೆಯ ಅಂಕೆಗೆ ‘ಹ್ಞೂಂ’ ಅಂದರು. ಜೇಬಿನಿಂದ ಒಂದು ಕೀ ತೆಗೆದರು. ಎರಡನೇ ಕೀ, ಮಾರುವಾಗ ಕೊಡಲು ಮರೆತದ್ದಂತೆ. ಡ್ರೈವರ್ ಬಾಗಿಲಿಗೆ ಹಾಕಿ ನೋಡಿದರು, ಹೋಗಲಿಲ್ಲ. ಆ ಬಾಗಿಲೇ ಬೇರೆ ಯಾವುದೋ ಕಾರಿನದು.

ಮನೆಯಾಕೆ, ಅರವತ್ತರ ಆಸುಪಾಸು, ಅಷ್ಟು ಹೊತ್ತೂ ಸೆರಗು ಹಿಡಿದುಕೊಂಡು ನಿಂತಿದ್ದರು. ಅವರ ಯಜಮಾನರು ತೀರಿಕೊಂಡು ಹನ್ನೊಂದು ವರ್ಷ. ಬದುಕಿದ್ದಷ್ಟು ದಿನ ಆ ಕಾರನ್ನು ಮದುವೆಗೆ, ಆಸ್ಪತ್ರೆಗೆ ಓಡಿಸುತ್ತಿದ್ದರು. ‘ಗುಜರಿಯವರು ಎಷ್ಟು ಸಲ ಬಂದು ಕೇಳಿದ್ರೂ ಕೊಟ್ಟಿಲ್ಲ’ ಅಂದರು. ಆಮೇಲೆ, ‘ಪೇಪರಲ್ಲಿ ನಿಮ್ಮ ಹೆಸ್ರೇ ಇದೆ ಅಂತೀರಿ. ಹಂಗಾದ್ರೆ ತಗೊಂಡು ಹೋಗ್ತೀರಾ?’

ನಾವು ಅವರಿಗೆ ಹೆದರಿ ಬಂದಿದ್ದೆವು, ಅವರು ನಮಗೆ ಹೆದರಿ ನಿಂತಿದ್ದರು.

‘ಇಲ್ಲ ತಾಯಿ. ಕಾರು ನಿಮ್ಮದು. ಹೆಸರು ಮಾತ್ರ ನಂದು, ಅದನ್ನ ತೆಗೆಸೋಕೆ ಬಂದದ್ದು’ ಅಂದರು ಅಪ್ಪಯ್ಯ. ಆಮೇಲೆ ಮಾಮೂಲಿ ಪ್ರಶ್ನೆ.

‘ಅಯ್ಯೋ, ಯಾರಿಗೆ ತಾಗ್ಸೋದು? ನಮ್ಮನೆಯವ್ರು ಸೈಕಲ್ಲಿಗಿಂತ ನಿಧಾನ. ದಿಬ್ಬಣದವ್ರು ಬೈತಿದ್ರು.’

ಅಪ್ಪಯ್ಯ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಬಹಳ ಹೊತ್ತು ಕೂತರು. ಆಕೆ ಒಳಗಿನಿಂದ ಬೆಲ್ಲದ ಕಾಫಿ ತಂದುಕೊಟ್ಟರು.

50 ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ಅಂತ ಬೇರೆಯೇ ರಿಜಿಸ್ಟರ್ ಮಾಡಿಸುವ ನಿಯಮ 2021ರಲ್ಲಿ ಬಂದಿದೆ, ನಂಬರಿನಲ್ಲಿ ‘ವಿಎ’ ಅಕ್ಷರ ಇರುತ್ತದೆ. ಆದರೆ ಕಾರು ಮೂಲ ರೂಪದಲ್ಲಿ ಇರಬೇಕು. ಡೀಸೆಲ್ ಎಂಜಿನ್, ಬೇರೆ ಕಾರಿನ ಬಾಗಿಲು, ಕೋಳಿ ಜಾಲರಿ, ಇದು ಆ ದಾರಿಯದ್ದಲ್ಲ. ನಮಗೆ ಉಳಿದದ್ದು 55ನೇ ಕಲಂ: ಗಾಡಿ ಮತ್ತೆಂದೂ ಓಡದ ಸ್ಥಿತಿಗೆ ಬಂದಿದ್ದರೆ ಮಾಲೀಕರು ತಿಳಿಸಬೇಕು, ರಿಜಿಸ್ಟ್ರೇಷನ್ ರದ್ದಾಗುತ್ತದೆ. ನಿಯಮದಲ್ಲಿ 14 ದಿನ ಅಂತಿದೆ, ನಾವು ಕೆಲವು ವರ್ಷ ತಡ. ಅಪ್ಪಯ್ಯ ಪತ್ರವನ್ನು ಕೈಯಲ್ಲೇ ಬರೆದರು, ಕಾರು ಯಾರ ಮನೆಯಲ್ಲಿದೆ, ಯಾವ ಸ್ಥಿತಿಯಲ್ಲಿದೆ, 1999ರಲ್ಲಿ ತಾವು ಮಾಡಿದ್ದೇನು, ಎಲ್ಲ ಸೇರಿಸಿ. ಆಕೆಗೂ ಒಂದು ಪ್ರತಿ, ಕಾರು ನಿಮ್ಮದೇ ಅಂತ ಕೆಳಗೆ ಒಂದು ಸಾಲು ಬರೆದು ಸಹಿ ಮಾಡಿ ಕೊಟ್ಟರು. ಈ ಸಲ ಖಾಲಿ ಜಾಗ ಇದ್ದಲ್ಲೆಲ್ಲ ಗೆರೆ ಎಳೆದರು.

ಚಿಕ್ಕಮಗಳೂರಿನಲ್ಲಿ ಅರ್ಜಿ ಕೊಟ್ಟು, ಸೀಲು ಬಿದ್ದ ಸ್ವೀಕೃತಿ ತಂದು ಟ್ರಂಕಿನಲ್ಲಿ ಇಟ್ಟದ್ದಾಗಿದೆ. ರದ್ದಾದ ಆದೇಶ ಇನ್ನೂ ಬರಬೇಕು. ಅಂಚೆಯಣ್ಣನನ್ನು ಈಗ ಅಪ್ಪಯ್ಯನೇ ಕಾಯುತ್ತಾರಂತೆ, ಅಮ್ಮ ಫೋನಿನಲ್ಲಿ ಹೇಳಿದರು.

ನಾನು ಬೆಂಗಳೂರು ಬಸ್ಸಿಗೆ ಹೊರಟ ರಾತ್ರಿ ಕೊಪ್ಪ ಬಸ್‌ಸ್ಟ್ಯಾಂಡಿನವರೆಗೆ ಬಂದು ಬ್ಯಾಗ್ ಎತ್ತಿಕೊಟ್ಟರು. ಬಸ್ಸು ಹೊರಡುವ ಮುಂಚೆ ಕಿಟಕಿ ಹತ್ತಿರ ಬಂದು ಕೇಳಿದರು, ‘ಆ ಕಾರಿಂದು ಫೋಟೋ ತೆಗೆದ್ಯಲ್ಲ ಪುಟ್ಟಿ, ಕೋಳಿ ಇರೋದು, ನನ್ನ ವಾಟ್ಸಾಪಿಗೆ ಹಾಕು.’